ಸ್ವತಂತ್ರ ಸಂಸ್ಥೆಗೆ ಬರೆದುಕೊಟ್ಟ ಇಪ್ಪತ್ತು ಪುಟ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸೊರಬದಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಅಂತರರಾಷ್ಟ್ರೀಯ ವ್ಯವಹಾರಗಳನ್ನು ಅಧ್ಯಯನ ಮಾಡುವ ದೆಹಲಿಯ ಸಂಸ್ಥೆಯೊಂದು ನನಗೆ ಪತ್ರ ಬರೆಯಿತು. ಅವರ ಪತ್ರಿಕೆಗೆ ನಾನು ಚಂದಾದಾರಳು. ವಿಳಾಸ ಹಾಗೆ ಸಿಕ್ಕಿರಬೇಕು. ವಿಶ್ವ ವ್ಯಾಪಾರ ಒಪ್ಪಂದದ ಬಗ್ಗೆ ರೈತರು ಏನೆನ್ನುತ್ತಾರೆಂದು ಕೇಳಿ ಬರೆದು ಕಳಿಸಬೇಕಂತೆ. ತಮ್ಮದು ಯಾರ ಹಂಗೂ ಇಲ್ಲದ ಸ್ವತಂತ್ರ ಸಂಸ್ಥೆ ಎಂದೂ ಬರೆದಿದ್ದರು. ಆ ಪತ್ರವನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟಿದ್ದೆ.

ಭಾನುವಾರ ಬಸ್ಸು ಹಿಡಿದು ಈಸೂರಿಗೆ ಹೋದೆ. ಅಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜ, ಭತ್ತ ಬೆಳೆಯುವವರು, ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ನಲವತ್ತೆರಡರಲ್ಲೇ ಬ್ರಿಟಿಷರಿಗೆ ಸೆಡ್ಡು ಹೊಡೆದು ತಾನು ಸ್ವತಂತ್ರವೆಂದು ಸಾರಿದ್ದ ಆ ಊರಿನಲ್ಲಿ ಸ್ವತಂತ್ರ ಎಂಬ ಮಾತನ್ನು ಯಾರೂ ಹಗುರವಾಗಿ ಕೇಳಿಸಿಕೊಳ್ಳುವುದಿಲ್ಲ.

"ಸ್ವತಂತ್ರ ಅಂದ್ರೆ ಅವರಿಗೆ ಅನ್ನ ಹಾಕೋರು ಯಾರ‍್ರೀ?" ಎಂದು ಕೇಳಿದರು.

ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ ಎಂದೆ. ನನಗೆ ಗೊತ್ತಿರಲಿಲ್ಲ, ಆದರೂ ಹೇಳಿಬಿಟ್ಟೆ. ನನ್ನನ್ನು ನಂಬಿ ಅವರು ಮಧ್ಯಾಹ್ನದವರೆಗೆ ಮಾತಾಡಿದರು. ಸರ್ಕಾರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತಮ್ಮನ್ನು ಯಾರೂ ಕೇಳಲಿಲ್ಲ ಎಂದರು. ನೆರೆಯವನಿಗೆ ಬೀಜ ಕೊಡುವುದೂ ನಾಳೆ ತಪ್ಪಾಗುತ್ತದೆಯೇ ಎಂದು ಕೇಳಿದರು. ಆಮೇಲೆ ಅಕ್ಕಪಕ್ಕದವರೂ ಬಂದು ಸೇರಿದರು. ಬರೆದುಕೊಂಡದ್ದು ಒಟ್ಟು ಇಪ್ಪತ್ತು ಪುಟವಾಯಿತು, ಅಷ್ಟನ್ನೂ ದೆಹಲಿಗೆ ಕಳಿಸಿದೆ.

ಮರುವರ್ಷ ವರದಿ ಅಚ್ಚಾಗಿ ಬಂತು. ರೈತರಿಗೆ ಮಾಹಿತಿಯ ಕೊರತೆಯಿದೆ, ವಿವರಿಸಿದರೆ ಒಪ್ಪಂದವನ್ನು ಸ್ವಾಗತಿಸುತ್ತಾರೆ ಎಂಬ ಒಂದೇ ವಾಕ್ಯ ನಮ್ಮ ಪಾಲಿಗೆ. ಮೊದಲ ಪುಟದಲ್ಲಿ ಅಧ್ಯಯನದ ಖರ್ಚು ಭರಿಸಿದ ಬೀಜದ ಕಂಪನಿಗೆ ಕೃತಜ್ಞತೆ, ಅದರ ಕೆಳಗೆ ನನ್ನ ಹೆಸರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ನಿಮ್ಮ ಟಿಪ್ಪಣಿ ಸ್ವಲ್ಪ ಭಾವುಕವಾಗಿತ್ತು ಎಂದು ಸಂಶೋಧಕರೊಬ್ಬರು ಬಹಳ ಸೌಜನ್ಯದಿಂದ ಹೇಳಿದರು.

ವರದಿ ಹಿಡಿದು ಮತ್ತೆ ಈಸೂರಿಗೆ ಹೋಗಿ ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

"ಊಟ ಮಾಡ್ಕೊಂಡ್ ಹೋಗ್ರಿ," ಎಂದರು. "ಆದ್ರ ಇನ್ನೊಮ್ಮೆ ಬರ‍್ಕೊಳ್ಳಾಕ ಮಾತ್ರ ಬರಬ್ಯಾಡ್ರಿ."

ಕೆಲವು ತಿಂಗಳಿಗೆ ಅದೇ ಸಂಸ್ಥೆ ದೆಹಲಿಯ ವಿಚಾರಸಂಕಿರಣಕ್ಕೆ ನನ್ನನ್ನು ಕರೆಯಿತು. ನಿಜ ಹೇಳಿಯೇ ಬರುತ್ತೇನೆಂದು ಹೊರಟೆ. ಅಲ್ಲಿ ನನ್ನ ಹೆಸರಿನ ಫಲಕ ಇಟ್ಟಿದ್ದರು, ಪಕ್ಕದಲ್ಲಿ ನಿವೃತ್ತ ರಾಯಭಾರಿಯೊಬ್ಬರು ಕೂತಿದ್ದರು. ನನ್ನ ಸರದಿ ಬಂದಾಗ, ಗ್ರಾಮೀಣ ದನಿಗೆ ಅವಕಾಶ ಕೊಟ್ಟಿದ್ದಕ್ಕೆ ವಂದನೆ ಹೇಳಿ ಕೂತುಬಿಟ್ಟೆ.