ಉಸ್ತಾ ಫಿಕ್ರಿ ಹೊಗಳಿದ ಎಂಜಿನ್

ಅಲೆಕ್ಸಾಂಡ್ರಿಯಾದ ಕರ್ಮೂಜ್ ಬಡಾವಣೆಯಲ್ಲಿ ಉಸ್ತಾ ಫಿಕ್ರಿಯ ಹಳದಿ-ಕಪ್ಪು ಟ್ಯಾಕ್ಸಿಯಷ್ಟು ಬೈಗುಳ ತಿಂದ ವಸ್ತು ಇನ್ನೊಂದಿರಲಿಲ್ಲ. ಬೈಯುತ್ತಿದ್ದವನು ಬೇರೆ ಯಾರೂ ಅಲ್ಲ, ಕಸುಬು ಬಲ್ಲವನೆಂದು ಊರೆಲ್ಲ ಗೌರವದಿಂದ ಉಸ್ತಾ ಎನ್ನುತ್ತಿದ್ದ ಫಿಕ್ರಿಯೇ. ಗಿರಾಕಿ ಹತ್ತಿ ಬಾಗಿಲು ಎಳೆದುಕೊಳ್ಳುವ ಮೊದಲೇ ಶುರುವಾಗುತ್ತಿತ್ತು.

"ಕೂತ್ಕೊಳ್ಳಿ ಸಾಹೇಬ್ರೆ, ಕೂತ್ಕೊಳ್ಳಿ. ತಲುಪಿದ್ರೆ ನಿಮ್ಮ ಅದೃಷ್ಟ. ಇದು ಎಂಜಿನ್ ಅಲ್ಲ, ಪೆಟ್ರೋಲ್ ಕುಡಿಯೋ ಕತ್ತೆ. ನಾಲ್ಕು ಸಿಲಿಂಡರ್ ಇದೆ ಅಂತಾರೆ, ನಾಲ್ಕೂ ನಾಲ್ಕು ದಿಕ್ಕಿಗೆ ಎಳೀತಾವೆ. ಮುಂದಿನ ತಿರುವಲ್ಲಿ ಪ್ರಾಣ ಬಿಡತ್ತೆ, ನೋಡ್ತಿರಿ."

ಗಿರಾಕಿ ಹೆದರಿ ಟ್ರಾಮ್ ಎಲ್ಲಿದೆ ಎಂದು ಕಿಟಕಿಯಾಚೆ ಹುಡುಕುತ್ತಿರುವಾಗಲೇ ಗಾಡಿ ಸದ್ದಿಲ್ಲದೆ ತಿರುವು ದಾಟಿ, ಕಡಲ ದಂಡೆಯ ರಸ್ತೆ ಹಿಡಿದು, ಅವನನ್ನು ಮನೆ ಬಾಗಿಲಲ್ಲಿ ಇಳಿಸಿರುತ್ತಿತ್ತು. ಚಳಿಗಾಲದಲ್ಲಿ ಬೀದಿಯೆಲ್ಲ ಕೆರೆಯಾಗಿ ಹೊಸ ಹೊಸ ಕಾರುಗಳು ಎಮ್ಮೆಗಳ ಹಾಗೆ ನೀರಲ್ಲಿ ನಿಂತುಬಿಟ್ಟಾಗಲೂ ಫಿಕ್ರಿಯ ಗಾಡಿ ನಡುವೆ ತೂರಿಕೊಂಡು ಹೋಗುತ್ತಿತ್ತು. ಆಗಂತೂ ಅವನ ಬೈಗುಳ ಇನ್ನೂ ಜೋರಾಗುತ್ತಿತ್ತು.

ಕಾರಣ ಬಹಳ ಸರಳ. ಹೊಗಳಿದರೆ ಕಣ್ಣು ಬೀಳುತ್ತದೆ. ಊರಿನವರೆಲ್ಲ ಇದನ್ನು ನಂಬುವವರೇ, ಆದರೆ ಅವರು ಹೊಗಳಿ ಮುಗಿಸಿ ಒಂದು "ಮಾಶಾ ಅಲ್ಲಾ" ಸೇರಿಸಿ ನೆಮ್ಮದಿಯಾಗಿರುತ್ತಿದ್ದರು. ಫಿಕ್ರಿಗೆ ಅಷ್ಟು ಸಾಲದು. ಕನ್ನಡಿಗೆ ನೀಲಿ ಮಣಿ ಕಟ್ಟಿದ್ದ, ಹಿತ್ತಾಳೆಯ ಹಸ್ತ ತೂಗುಹಾಕಿದ್ದ, ಆದರೆ ಮನಸ್ಸಿನ ಭರವಸೆಯೆಲ್ಲ ಬೈಗುಳದ ಮೇಲೆಯೇ. ಕಾಫಿ ಅಂಗಡಿಯ ಗೆಳೆಯನೊಬ್ಬ ತನ್ನ ಮಂಡಿ ಇನ್ನೂ ಹದಿನೆಂಟರ ಹುಡುಗನದು ಎಂದು ಕೊಚ್ಚಿಕೊಂಡು, ಎದ್ದು ಹೊರಟವನು ಅದೇ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂಥವನಿಗೆ ಬುದ್ಧಿ ಹೇಳುವುದು ಯಾರಿಂದಾದೀತು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಅಂಗಳದ ಬಾಗಿಲು ಮುಂದೆ ಮಾಡಿ, ಬಾನೆಟ್ ಎತ್ತುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ವೈದ್ಯ ಎದೆಬಡಿತ ಕೇಳುವಂತೆ ಕಣ್ಣು ಮುಚ್ಚಿ ಕೇಳುತ್ತಿದ್ದ. ವಾಲ್ವುಗಳ ಸಂದು ಕೂದಲೆಳೆಯಷ್ಟು ಹೆಚ್ಚಿದ್ದರೂ ಸರಿಪಡಿಸುತ್ತಿದ್ದ. ಆಗ ಯಾರಾದರೂ ಇಣುಕಿದರೆ, "ಏನ್ ಮಾಡೋದು, ಸಾಯೋ ಮುದುಕನಿಗೆ ಔಷಧಿ ಕುಡಿಸ್ತಿದ್ದೀನಿ" ಎನ್ನುತ್ತಿದ್ದ.

ಮಗಳು ರಬಾಬ್‌ಗೂ ಇದೇ ಉಪಚಾರ. ಅವಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ಗಾಡಿಯಲ್ಲಿ. ಎಷ್ಟು ಮುದ್ದಾಗಿದೆ ಮಗು ಎಂದ ದಾದಿಗೆ, "ಎಲ್ಲಿ ಮುದ್ದು? ಮೂಗು ನೋಡಿ, ಬದನೆಕಾಯಿ" ಎಂದಿದ್ದ, ಇಂದಿಗೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಹುಡುಗಿ ಔಷಧ ಶಾಸ್ತ್ರ ಓದಿ ಒಳ್ಳೆಯ ಅಂಕ ತಂದಾಗ, ಕಾಪಿ ಹೊಡೆದಿರಬೇಕು ಎಂದು ಬೀದಿಗೆಲ್ಲ ಸಾರಿದ. ಚಿಕ್ಕವಳಿದ್ದಾಗ ರಬಾಬ್ ಇದಕ್ಕೆ ಅತ್ತದ್ದುಂಟು. ಆಗ ತಾಯಿ ತಹಿಯ್ಯಾ ಮಡಿಲಿಗೆ ಎಳೆದುಕೊಂಡು ಹೇಳಿದ್ದಳು, "ಹುಚ್ಚಿ, ಪಕ್ಕದ್ಮನೆ ಗಾಡೀನ ನಿಮ್ಮಪ್ಪ ಎಷ್ಟು ಹೊಗಳ್ತಾರೆ ನೋಡು. ಅದು ಸತ್ತರೂ ಅವ್ರಿಗೇನೂ ಅನ್ಸಲ್ಲ, ಅದಕ್ಕೆ." ಅಂದಿನಿಂದ ರಬಾಬ್ ಬೈಗುಳವನ್ನು ಲೆಕ್ಕ ಹಿಡಿದು ಖುಷಿಪಡುವುದನ್ನು ಕಲಿತಳು.

ರಬಾಬ್‌ಗೆ ಬಾಕೋಸ್ ಕಡೆಯ ಹಾಜಿ ಬಸ್ಯೂನಿಯ ಮಗ ಕರಮ್ ಜೊತೆ ಮದುವೆ ಗೊತ್ತಾಯಿತು. ನಲ್ಲಿ, ಸಿಂಕು ಮಾರುವ ದೊಡ್ಡ ಅಂಗಡಿಯವರು, ಒಳ್ಳೆಯ ಜನ. ಚಹಾ ಕುಡಿಯಲು ಬಂದ ಹಾಜಿ ಮಾತಿನ ನಡುವೆ ಮದುಮಗಳ ಗಾಡಿಯ ಸುದ್ದಿ ತೆಗೆದರು. ಹೊಸ ಬಿಳಿ ಕಾರು ಬಾಡಿಗೆಗೆ ಹೇಳಿದ್ದಾರಂತೆ, ಅದರ ಬಾಗಿಲು ತನ್ನಷ್ಟಕ್ಕೆ ತೆರೆಯುತ್ತದಂತೆ.

ಫಿಕ್ರಿಯ ಮುಖ ಸಣ್ಣದಾಯಿತು. ತಂದ ಗಾಡಿಯಲ್ಲೇ ಮಗಳನ್ನು ಕಳಿಸಿಕೊಡಬೇಕು ಎಂಬ ಒಂದೇ ಆಸೆಯನ್ನು ಅವನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಈಗಲೂ ಬಾಯಿ ಬಿಡಲಿಲ್ಲ. ರಬಾಬ್‌ಗೆ ಮಾತ್ರ ಅದು ಗೊತ್ತಿತ್ತು.

"ನಾನು ಬಾಬಾ ಗಾಡೀಲೇ ಬರ್ತೀನಿ, ಮಾವ" ಎಂದಳು.

ಹಾಜಿ ಚಹಾ ಲೋಟ ಕೆಳಗಿಟ್ಟರು. "ಆಗ್ಲಿ ತಾಯಿ. ಆದ್ರೆ ಹೋದ ವಾರ ನಾನೇ ಆ ಗಾಡೀಲಿ ಕೂತಿದ್ದೆ. ಎಂಜಿನ್ ಇವತ್ತೋ ನಾಳೆಯೋ ಅಂತ ನಿಮ್ಮ ತಂದೇನೇ ಹೇಳಿದ್ರು. ನಿನ್ನನ್ನ ನಡುರಸ್ತೇಲಿ ನಿಲ್ಸಿ ನಾನು ನೆಂಟರಿಗೆ ಏನ್ ಹೇಳ್ಲಿ? ಎಂಜಿನ್ ಗಟ್ಟಿಯಾಗಿದೆ ಅಂತ ಉಸ್ತಾ ತಮ್ಮ ಬಾಯಲ್ಲೇ ಹೇಳ್ಬಿಡ್ಲಿ, ಬಿಳಿ ಗಾಡಿ ಬೇಡ ಅಂತೀನಿ."

ಎಲ್ಲರೂ ಫಿಕ್ರಿಯತ್ತ ನೋಡಿದರು. ಫಿಕ್ರಿ ಬೆವರಿದ.

"ಏನೋ, ಪರವಾಗಿಲ್ಲ" ಎಂದ.

"ಪರವಾಗಿಲ್ಲ ಅಂದ್ರೆ?"

"ಓಡತ್ತೆ."

"ಎಲ್ಲೀವರೆಗೆ ಓಡತ್ತೆ ಉಸ್ತಾ? ಅದೇ ನನ್ನ ಪ್ರಶ್ನೆ."

ಫಿಕ್ರಿ ಮಗಳ ಮುಖ ನೋಡಿದ. ಆಮೇಲೆ ಅಣೆಕಟ್ಟು ಒಡೆಯಿತು.

"ಕೇಳಿ ಹಾಜಿ. ಸಾವಿರದ ಮುನ್ನೂರು ಸಿಸಿ. ನಾಲ್ಕು ಸಿಲಿಂಡರ್, ಒಂದೇ ಸಾಲಲ್ಲಿ. ಬ್ಲಾಕು ಎರಕದ ಕಬ್ಬಿಣ, ತಗಡಲ್ಲ. ಟೈಮಿಂಗಿಗೆ ಚೈನು, ಪಟ್ ಅಂತ ಕಿತ್ತುಹೋಗೋ ರಬ್ಬರ್ ಬೆಲ್ಟಲ್ಲ. ಅರವತ್ತೈದು ಕುದುರೆ ಬಲ ಅಂತ ಕಂಪನಿಯವ್ರು ಕೊಟ್ರು, ಅದ್ರಲ್ಲಿ ಒಂದು ಕುದುರೆನೂ ಸಾಯೋಕೆ ನಾನು ಬಿಟ್ಟಿಲ್ಲ. ಕಿಡಿ ಹಾರೋ ಸರದಿ ಒಂದು, ಮೂರು, ನಾಲ್ಕು, ಎರಡು. ಜಗತ್ತು ಮುಳುಗಿದ್ರೂ ಅದು ಸರದಿ ತಪ್ಪಲ್ಲ. ನಾಲ್ಕು ಲಕ್ಷ ಕಿಲೋಮೀಟರ್ ಆದ್ಮೇಲೆ ಒಂದ್ಸಲ ಬಿಚ್ಚಿ ಪಿಸ್ಟನ್ ರಿಂಗ್ ಹಾಕಿದೆ. ಅದೂ ಅದಕ್ಕೆ ಬೇಕಿತ್ತು ಅಂತಲ್ಲ, ನನ್ನ ಆಸೆಗೆ. ಆಯಿಲ್ ಕುಡಿಯಲ್ಲ, ಹೊಗೆ ಬಿಡಲ್ಲ. ಎಂಜಿನ್ ಓಡ್ತಿರೋವಾಗ ಅದ್ರ ಮೇಲೆ ಚಹಾ ಲೋಟ ಇಡಿ. ಒಂದು ತೊಟ್ಟು ಚೆಲ್ಲಿದ್ರೆ ನನ್ನ ಮೀಸೆ ಬೋಳ್ಸಿ. ದಾರೀಲಿ ಒಂದೇ ಒಂದ್ಸಲ ನಿಂತಿದೆ ಅಂತ ಯಾರಾದ್ರೂ ಹೇಳ್ಲಿ."

ಮಾತು ನಿಂತಿತು. ಅಡುಗೆಮನೆಯಲ್ಲಿ ತಟ್ಟೆಯೊಂದು ಕೆಳಗೆ ಬಿದ್ದು ಚೂರಾಯಿತು. ಅಲ್ಲಿದ್ದವಳು ಫಿಕ್ರಿಯ ಅಕ್ಕ ಸಕೀನಾ. ತಮ್ಮ ಹೊಗಳಿದ ಭರದಲ್ಲಿ ಒಂದೇ ಒಂದು ಮಾಶಾ ಅಲ್ಲಾ ಹೇಳಿರಲಿಲ್ಲ, ಅದನ್ನು ಅವಳು ಕೇಳಿಸಿಕೊಂಡಿದ್ದಳು.

ಹಾಜಿ ಒಪ್ಪಿದರು. ಫಿಕ್ರಿಗೆ ಮಾತ್ರ ಅಂದಿನಿಂದ ಬೆಳಗಿನ ತಿಂಡಿಯ ಬೇಯಿಸಿದ ಕಾಳು, ಫೂಲ್ ಕೂಡ ಗಂಟಲಲ್ಲಿ ಇಳಿಯಲಿಲ್ಲ. ಬಾನೆಟ್ ಎತ್ತಿ ಬೈಯಲು ನೋಡಿದ, ಮೊದಲಿನ ರುಚಿ ಬರಲಿಲ್ಲ. ಗುಟ್ಟು ರಟ್ಟಾದ ಮೇಲೆ ಬೈದರೆ ಯಾವ ಕಣ್ಣು ತಾನೇ ಮೋಸಹೋದೀತು.

ಮದುವೆಯ ದಿನ ಸಂಜೆ ಗಾಡಿಗೆ ಬಿಳಿ ರಿಬ್ಬನ್, ಹೂವು ಎಲ್ಲ ಕಟ್ಟಿ, ಟ್ರಾಮ್ ರಸ್ತೆಯ ಕೇಶಾಲಂಕಾರದ ಅಂಗಡಿ ಮುಂದೆ ತಂದು ನಿಲ್ಲಿಸಿದ. ಮದುಮಗಳನ್ನು ಸಿಂಗರಿಸುತ್ತಿದ್ದುದು ಅಲ್ಲಿಯೇ. ಮೆರವಣಿಗೆಯ ಕಾರುಗಳು ಹಿಂದೆ ಸಾಲಾಗಿ ನಿಂತು ಹಾರ್ನ್ ಬಾರಿಸತೊಡಗಿದವು. ಫಿಕ್ರಿ ಮತ್ತು ತಹಿಯ್ಯಾ ಮಗಳನ್ನು ಕರೆತರಲು ಒಳಗೆ ಹೋದರು. "ನೀವು ಹೋಗಿ, ನಾನು ಗಾಡಿ ಕಾಯ್ತೀನಿ" ಎಂದು ಸಕೀನಾ ಹೊರಗೇ ಉಳಿದಳು. ಅವಳ ಕೈಚೀಲ ಎಂದಿಗಿಂತ ಭಾರವಾಗಿತ್ತು.

ರಬಾಬ್ ಬಂದು ಹಿಂದಿನ ಸೀಟಿನ ತುಂಬ ತನ್ನ ಲಂಗ ಹರಡಿಕೊಂಡು ಕೂತಳು. ಫಿಕ್ರಿ ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಕೆಮ್ಮು.

ಹುಟ್ಟಿದ ಲಾಗಾಯ್ತು ಹೀಗಾದದ್ದಿಲ್ಲ. ಫಿಕ್ರಿ ಇಳಿದು ಬಾನೆಟ್ ಎತ್ತಿದ. ಕಿಡಿ ಇದೆ, ಪೆಟ್ರೋಲ್ ಬರುತ್ತಿದೆ, ಬ್ಯಾಟರಿ ಚೆನ್ನಾಗಿದೆ. ಹಾಜಿ ಬಸ್ಯೂನಿ ಹತ್ತಿರ ಬಂದು, ನಗು ಅಡಗಿಸಿಕೊಂಡು, ಮೊಬೈಲ್ ತೆಗೆದರು. "ಚಿಂತೆ ಬೇಡ ಉಸ್ತಾ. ಎಲ್ಲದಕ್ಕೂ ಇರ್ಲಿ ಅಂತ ಬಿಳಿ ಗಾಡೀನ ಹತ್ರದಲ್ಲೇ ನಿಲ್ಸಿದ್ದೀನಿ."

"ನಾನೇ ಕಣ್ಣು ಹಾಕ್ಬಿಟ್ಟೆ ಹಾಜಿ" ಎಂದ ಫಿಕ್ರಿ. ಕಣ್ಣಲ್ಲಿ ನೀರು ತುಂಬಿತ್ತು. "ಇದ್ದ ಒಂದು ಒಳ್ಳೆ ವಸ್ತೂನ ಹೊಗಳಿ ಕೊಂದೆ."

ರಬಾಬ್ ಕಿಟಕಿಯಿಂದ ತಲೆ ಹೊರಹಾಕಿದಳು. "ಬಾಬಾ, ಅದಕ್ಕೆ ಬೈಯಿರಿ."

"ಏನಮ್ಮಾ?"

"ದಿನಾ ಬೈಯೋ ಹಾಗೆ ಬೈಯಿರಿ. ಪಾಪ, ನಾಲ್ಕು ದಿನದಿಂದ ಸರಿಯಾಗಿ ಬೈಸ್ಕೊಂಡಿಲ್ಲ ಅದು."

ಫಿಕ್ರಿ ಮಗಳನ್ನು ನೋಡಿದ, ಎಂಜಿನ್ ನೋಡಿದ. ಬಾನೆಟ್ ಧಡ್ ಎಂದು ಹಾಕಿ, ಬಂದು ಕೂತು, ಶುರುಮಾಡಿದ. "ಏ ಮುದಿ ಕತ್ತೆ. ಏ ಗುಜರಿ ಅಂಗಡಿಯವ್ನೂ ಬೇಡ ಅಂದ ದರಿದ್ರ. ತಿಂದಿದ್ದೆಲ್ಲ ಹರಾಮು ಮಾಡಿದ್ಯಲ್ಲೋ. ನಿನ್ನ ನಾಲ್ಕು ಸಿಲಿಂಡರ್‌ಗೂ ಭೇದಿ ಹತ್ಲಿ. ನನ್ನ ಮಗಳ ಮುಂದೆ ನನ್ನ ಮರ್ಯಾದೆ ತೆಗೀತೀಯಾ?" ಹೇಳುತ್ತ ಹೇಳುತ್ತ ನಾಲಿಗೆಗೆ ಹಳೆಯ ರುಚಿ ಮರಳಿತು. ಗಂಟಲು ಕಟ್ಟುವವರೆಗೆ ಬೈದು ಕೀಲಿ ತಿರುಗಿಸಿದ.

ಬೀದಿಯೇ ಬೆಚ್ಚುವಂತೆ ಢಂ ಎಂದಿತು. ಗಾಡಿಯ ಹಿಂದಿನಿಂದ ನೀಲಿ ಬಟ್ಟೆಯ ಗಂಟೊಂದು ಹಾರಿ, ಗಾಳಿಯಲ್ಲೇ ಬಿಚ್ಚಿಕೊಂಡು, ನೆರೆದವರೆಲ್ಲರ ಮೇಲೆ ಉಪ್ಪು ಸುರಿಯಿತು. ಮದುವೆಯಲ್ಲಿ ದೃಷ್ಟಿ ತೆಗೆಯಲು ಉಪ್ಪು ಎರಚುವುದು ಇದ್ದದ್ದೇ, ಇಷ್ಟು ಭರ್ಜರಿಯಾಗಿ ಎರಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಹೆಂಗಸರು ಖುಷಿಯಿಂದ ನಾಲಿಗೆ ಹೊರಳಿಸಿ ಜೋರಾಗಿ ಉಲಿದರು. ಎಂಜಿನ್ ಏನೂ ಆಗಿಲ್ಲವೆಂಬಂತೆ ಗುನುಗತೊಡಗಿತ್ತು.

ಹಾಜಿ ತಮ್ಮ ಕರಿ ಸೂಟಿನ ಹೆಗಲ ಮೇಲಿಂದ ನೀಲಿ ಬಟ್ಟೆ ಎತ್ತಿ ಹಿಡಿದರು. "ಇದೇನಿದು?"

"ಕೊಡಿ ಇಲ್ಲಿ, ನಂದು" ಎಂದಳು ಸಕೀನಾ. "ಹೊಗೆ ಕೊಳವೆಗೆ ನಾನೇ ತುರುಕಿದ್ದು. ಗಾಡಿಗೆ ಎಲ್ಲಾ ಕಡೆ ಮುಚ್ಚಳ ಇದೆ, ಅದೊಂದು ತೂತು ತೆರೆದೇ ಇತ್ತು. ಕಣ್ಣು ಒಳಗೆ ಹೋದ್ರೆ?"

"ಅಕ್ಕಾ, ಅದು ಉಸಿರು ಬಿಡೋದೇ ಅಲ್ಲಿಂದ" ಎಂದ ಫಿಕ್ರಿ.

"ಬಿಡ್ತಲ್ಲ ಈಗ. ಕಣ್ಣೂ ಹೋಯ್ತು, ಗಾಡೀನೂ ಹೊರಡ್ತು. ಇನ್ನೇನ್ ಬೇಕು ನಿಂಗೆ?"

ಹಾಜಿ ಉಪ್ಪು ಕೊಡವಿಕೊಂಡು ತಮ್ಮ ಕಾರಿಗೆ ಹೋದರು. ಕಡಲ ದಂಡೆಯುದ್ದಕ್ಕೂ ಮೆರವಣಿಗೆ ಸಾಗಿತು. ಫಿಕ್ರಿ ಒಂದು ಕ್ಷಣವೂ ಬೈಯುವುದು ನಿಲ್ಲಿಸಲಿಲ್ಲ, ರಬಾಬ್ ಹಿಂದೆ ಕೂತು ನಗುತ್ತಲೇ ಇದ್ದಳು.

ಮದುವೆ ಮಂಟಪದ ಬಾಗಿಲಲ್ಲಿ ಕರಮ್ ಹೂವಿನ ಗೊಂಚಲು ಹಿಡಿದು ಕಾದಿದ್ದ. ಫಿಕ್ರಿ ಮಗಳ ಕೈಯನ್ನು ಅವನ ಕೈಯಲ್ಲಿಟ್ಟ. ಏನಾದರೂ ಹೇಳಬೇಕಿತ್ತು, ಎಲ್ಲರೂ ಕಾಯುತ್ತಿದ್ದರು.

"ನೋಡಪ್ಪಾ" ಎಂದ ಫಿಕ್ರಿ. "ಇವಳಿಂದೇನೂ ಅಂಥಾ ಪ್ರಯೋಜನ ಇಲ್ಲ. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗಲ್ಲ. ಬೇಗ ಬಿಸಿ ಏರತ್ತೆ. ಸದ್ದು ಜಾಸ್ತಿ. ಇಷ್ಟು ವರ್ಷ ನಾನು ಹೇಗೆ..." ಅಳು ತಡೆಯಲು ಹೋಗಿ ಆಗಲಿಲ್ಲ, ಮಕ್ಕಳ ಹಾಗೆ ಅತ್ತುಬಿಟ್ಟ. ರಬಾಬ್‌ಳ ಕಾಡಿಗೆಯೂ ಕೆನ್ನೆಗಿಳಿಯಿತು.

ಗಂಡಿನ ಕಡೆಯ ನೆಂಟರು ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಕರಮ್ ಮಾತ್ರ ಮದುಮಗಳನ್ನು ಮುಡಿಯಿಂದ ಅಡಿಯವರೆಗೆ ನಿಧಾನವಾಗಿ ನೋಡಿದ. ಅಷ್ಟು ಚೆಲುವೆಯನ್ನು ಆ ಬಾಗಿಲು ಅದುವರೆಗೆ ಕಂಡಿರಲಾರದು. ಅವನ ಕಣ್ಣೂ ಒದ್ದೆಯಾಗಿತ್ತು.

"ಹೌದು ಮಾವ" ಎಂದ ಕರಮ್. "ಮೂಗು ಸ್ವಲ್ಪ ಬದನೆಕಾಯಿ ಥರ ಇದೆ. ಏನೋ, ಹೇಗೋ ಓಡಿಸ್ಕೊಂಡು ಹೋಗ್ತೀನಿ."

ಫಿಕ್ರಿ ಅವನನ್ನು ಬಾಚಿ ತಬ್ಬಿಕೊಂಡ. ಇನ್ನು ಮಗಳ ಚಿಂತೆ ಅವನಿಗಿರಲಿಲ್ಲ.