ಹೊಸ್ತಿಲಾಚೆ ನಿಂತ ಆನೆ

ನಮ್ಮ ಮನೆಗೂ ಹೊಲಿಗೆ ಟೀಚರ್ ಜಲಜಮ್ಮನವರ ಮನೆಗೂ ನಡುವೆ ಒಂದೇ ಗೋಡೆ. ಎಂಬತ್ತೆರಡರಲ್ಲಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬೆಂಗಳೂರಿನಿಂದ ಹೊಸೂರಿಗೆ ಬಂದ ಹೊಸದರಲ್ಲಿ, ದಿನಾ ಸಂಜೆ ಆ ಗೋಡೆಯಾಚೆಯಿಂದ ಕತ್ತರಿಯ ಸದ್ದು ಕೇಳುತ್ತಿತ್ತು. ಬಟ್ಟೆ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಹೋಗಿ ನೋಡಿದರೆ ಜಲಜಮ್ಮ ಕಾಲು ಚಾಚಿ ಕೂತು, ಯಾರದೋ ಮದುವೆ ಪತ್ರಿಕೆಯ ಗಣಪತಿಯನ್ನು ಕಿವಿ ಹರಿಯದ ಹಾಗೆ ಕತ್ತರಿಸಿ ತೆಗೆಯುತ್ತಿದ್ದರು.

"ಬಾರೇ ಹುಡುಗಿ. ಸೊಂಡ್ಲು ಒಂದು ಬಿಡಿಸ್ಕೊಂಡ್ಬುಡ್ತೀನಿ, ಆಮೇಲೆ ಕಾಫಿ," ಅಂದರು.

ಸಂಕ್ರಾಂತಿಗೆ ಶುಭಾಶಯದ ಕಾರ್ಡು. ಬಜಾರಿನಲ್ಲಿ ಪೊಂಗಲ್ ಕಾರ್ಡುಗಳನ್ನು ಹಗ್ಗಕ್ಕೆ ತೂಗುಬಿಟ್ಟು ರಾಶಿ ರಾಶಿ ಮಾರುತ್ತಿದ್ದ ಕಾಲ ಅದು. ಜಲಜಮ್ಮ ಒಂದನ್ನೂ ಕೊಳ್ಳುತ್ತಿರಲಿಲ್ಲ. "ಅಚ್ಚಾಗಿರೋದು ಎಲ್ಲಾರ್ಗೂ ಒಂದೇ ಮಾತು ಹೇಳ್ತದೆ. ನಂಗೆ ಒಬ್ಬೊಬ್ಬರ್ಗೆ ಒಂದೊಂದು ಹೇಳೋದೈತೆ," ಅನ್ನುತ್ತಿದ್ದರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಲವತ್ತು ಮನೆಗೆ ನಲವತ್ತು ಕಾರ್ಡು. ಆ ಮನೆಯ ಮಕ್ಕಳು ಯಾವುದನ್ನು ಓದುತ್ತಾರೋ ಆ ಅಕ್ಷರದಲ್ಲಿ ಬರೆಯುತ್ತಿದ್ದರು, ಕನ್ನಡ, ತಮಿಳು, ತೆಲುಗು. ಕೊನೆಗೆ ನಾಲ್ಕು ಮೂಲೆಗೂ ಅರಿಶಿನ.

ಸಾಮಾನೆಲ್ಲ ಬೇರೆಯವರು ಬಿಸಾಡಿದ್ದೇ. ಹಳೇ ಕ್ಯಾಲೆಂಡರು, ಬೆಂಕಿಪೊಟ್ಟಣದ ಚಿತ್ರ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಸ್ಕೂಲಿನಲ್ಲಿ ಹುಡುಗಿಯರು ಕತ್ತರಿಸಿ ಉಳಿಸಿದ ಜರಿಯ ಚೂರು. ಅಂಟು ಮಾತ್ರ ಮನೆಯಲ್ಲೇ ಕಾಯಿಸುತ್ತಿದ್ದರು. ಮೈದಾ ಗಂಜಿಗೆ ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ ಅಂತ ತಿಳಿದ ದಿನದಿಂದ ನನಗೆ ನೆಮ್ಮದಿಯಿಲ್ಲ. ಅವರ ಮನೆಯಿಂದ ಬಂದಾಗಲೆಲ್ಲ ಮಗಳ ಹತ್ತೂ ಬೆರಳು ತೊಳೆಯುತ್ತಿದ್ದೆ, ಉಗುರಿನ ಸಂದಿ ನೋಡುತ್ತಿದ್ದೆ. ಜಲಜಮ್ಮ ನನ್ನ ಮುಖ ನೋಡಿಯೇ ಅಂಟಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಆಮೇಲೆ ಅಂಟು ಬೇಕಾದಾಗಲೆಲ್ಲ ಸ್ಟೂಲು ಹತ್ತಿ ಇಳಿಯುತ್ತಿದ್ದರು, ಐವತ್ತೈದರ ಮಂಡಿಯಲ್ಲಿ.

ಅವರ ಹತ್ತಿರ ಒಂದು ದಪ್ಪ ಅಂಟಿಸುವ ಪುಸ್ತಕವಿತ್ತು. ಕಾರ್ಡು ಕಳಿಸಿದ ಮನೆಯಿಂದ ಏನು ಬಂದರೂ ಅದರಲ್ಲಿ ಅಂಟುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹಾಳೆ ಹಿಡಿದಿದ್ದವಳು ಜವಳಗಿರಿಯ ರಾಮಕ್ಕ. ಐದನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಬೆಂಚು. ರಾಮಕ್ಕ ಹೊಲದ ಮನೆಯವಳು, ಕಾರ್ಡು ಗೀರ್ಡು ಮಾಡುವವಳಲ್ಲ. ವರ್ಷಕ್ಕೊಂದು ಏನಾದರೂ ಕಳಿಸುತ್ತಿದ್ದಳು: ನವಿಲುಗರಿ, ಬಿದಿರಕ್ಕಿಯ ತೆನೆ, ಒಂದು ಸಲ ಕರುವಿನ ಮೊದಲ ಕೊರಳ ಹಗ್ಗದ ಎಳೆ.

ಆ ವರ್ಷ ರಾಮಕ್ಕನ ಕಾರ್ಡಿಗೆಂದು ಜಲಜಮ್ಮ ಬೆಳ್ಳಿ ಕಾಗದ ಉಜ್ಜಿ ಉಜ್ಜಿ ಆನೆ ಮಾಡಿದರು. ಬೆನ್ನ ಮೇಲೆ ಜರಿಯ ಜೂಲು, ಸೊಂಡಿಲಲ್ಲಿ ಕಬ್ಬು.

ತಪ್ಪು ನನ್ನದು. ಹಬ್ಬಕ್ಕೆ ಹತ್ತು ದಿನವಿರುವಾಗ ಜಲಜಮ್ಮ ಸೂಳಗಿರಿಗೆ ತಂಗಿಯ ಮನೆಗೆ ಹೋಗಿದ್ದರು. ಪೋಸ್ಟಿನವನು ಅವರಿಗೆ ಬಂದ ಪೋಸ್ಟ್‌ಕಾರ್ಡನ್ನು ನನ್ನ ಕೈಗೆ ಕೊಟ್ಟ. ಹೊಸ್ತಿಲ ಮೇಲೆ ನಿಂತೇ ಓದಿದೆ. ರಾಮಕ್ಕನ ಗಂಡ ಮುನಿವೆಂಕಟಪ್ಪ ತೀರಿಕೊಂಡಿದ್ದರು, ಹನ್ನೊಂದನೇ ದಿನದ ಕಾರ್ಯಕ್ಕೆ ಬರಬೇಕು ಅಂತ ಬರೆದಿತ್ತು. ಸಾವಿನ ಕಾಗದವನ್ನು ಒಳಗೆ ತರಬಾರದು, ಅದರಲ್ಲೂ ಹಸುಗೂಸಿರುವ ಮನೆಗೆ. ಹೊರಗೇ ಓದಿ ಹರಿದು ಹಾಕಬೇಕು. ಅತ್ತೆ ಹೇಳಿಕೊಟ್ಟಿದ್ದರು. ಒಳಗೆ ಮಗಳು ಕೆಮ್ಮುತ್ತಿದ್ದಳು. ನಾನು ಅಲ್ಲೇ ಚೂರು ಚೂರು ಮಾಡಿ ಚರಂಡಿಗೆ ಹಾಕಿ ಕೈಕಾಲು ತೊಳೆದುಕೊಂಡೆ. ಜಲಜಮ್ಮ ಬಂದ ಕೂಡಲೇ ಹೇಳುವುದು ಅಂತ.

ಆ ಸಂಜೆಯೇ ಮಗಳಿಗೆ ಜ್ವರ ಏರಿತು. ಮೂರು ದಿನ ಒದ್ದೆ ಬಟ್ಟೆ, ಥರ್ಮಾಮೀಟರು, ಡಾಕ್ಟರು, ಅಷ್ಟೇ ನನ್ನ ಲೋಕ. ಜಲಜಮ್ಮ ಬಂದದ್ದು ಗೊತ್ತಾಗಲಿಲ್ಲ, ಕಾಗದದ ವಿಷಯ ನೆನಪಿಗೆ ಬರಲಿಲ್ಲ. ನಾಲ್ಕನೇ ದಿನ ಜ್ವರ ಬಿಟ್ಟಿತು, ನೆನಪು ಬಂತು. ಓಡಿಹೋಗಿ ನೋಡಿದರೆ ಕಾರ್ಡಿನ ಕಟ್ಟು ಪೋಸ್ಟ್ ಡಬ್ಬಿಗೆ ಬಿದ್ದಾಗಿತ್ತು. ಆಗಲೂ ಹೇಳಬಹುದಿತ್ತು. ಹಾಗೇ ಮನೆಗೆ ಬಂದುಬಿಟ್ಟೆ.

ಸಂಕ್ರಾಂತಿ ಕಳೆದು ವಾರಕ್ಕೆ ರಾಮಕ್ಕನ ಮೈದುನ ನಂಜಪ್ಪ ಜಲಜಮ್ಮನ ಬಾಗಿಲಲ್ಲಿ ನಿಂತ. ಅವರು ಕೂರು ಅಂದರೂ ಕೂರಲಿಲ್ಲ.

"ಟೀಚರಮ್ಮೋರೇ, ಓದ್ದೋರು ನೀವು. ಕಾರ್ಯುಕ್ಕೂ ಬರ್ನಿಲ್ಲ. ಸೂತಕದ ಮನೇಗೆ ಅರಿಶಿನ ಹಚ್ಚಿ ಆನೆ ಕಳಿಸ್ದ್ರಲ್ಲಾ! ನಮ್ಮವ್ವ ಒಲೆಗಾಕು ಅಂತ ಕೂಗಾಡ್ಬುಟ್ಲು."

"ಏನಪ್ಪಾ, ಯಾರ್ಗೆ ಏನಾಯ್ತು?" ಜಲಜಮ್ಮ ಕತ್ತರಿ ಕೆಳಗಿಟ್ಟರು.

ಮಗಳನ್ನು ಎತ್ತಿಕೊಂಡು ಅಲ್ಲೇ ಕೂತಿದ್ದ ನಾನು ಎಲ್ಲವನ್ನೂ ಹೇಳಿದೆ. ನಂಜಪ್ಪ ನನ್ನನ್ನೂ ಮಗಳನ್ನೂ ನೋಡಿ ಹೊರಟುಹೋದ. ಜಲಜಮ್ಮ ಮಗಳ ಹಣೆ ಮುಟ್ಟಿ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: "ಜ್ವರ ಎಷ್ಟಿತ್ತೇ?"

"ನೂರಾ ಮೂರು."

"ಹೂಂ," ಅಂದರು. ಕತ್ತರಿ, ಬೆಳ್ಳಿ ಕಾಗದ, ಜರಿ ಎಲ್ಲ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. "ಸಾಕು ಬಿಡು. ನಲವತ್ತೈದು ವರ್ಷದ ಗೆಳತಿ ಮನೆ ಬಾಗ್ಲು ಮುಚ್ಚಿಸ್ದ ಕೈ ಇದು, ಇನ್ನು ಕಾಗದ ಮುಟ್ಟಲ್ಲ."

ಆ ವಾರವೆಲ್ಲ ಸಂಜೆ ಗೋಡೆಯಾಚೆ ಸದ್ದಿಲ್ಲ. ನನಗೆ ತಡೆಯಲಾಗಲಿಲ್ಲ. ಶನಿವಾರ ಮಗಳನ್ನು ನನ್ನವರ ತೊಡೆಗೆ ಹಾಕಿ, ಹಾಲಿನ ಹೊತ್ತು ಚೀಟಿಯಲ್ಲಿ ಬರೆದಿಟ್ಟು, "ಏಳಿ ಟೀಚರಮ್ಮ, ಜವಳಗಿರಿಗೆ ಹೋಗೋಣ. ಹರಿದವಳು ನಾನು, ನಾನೇ ಹೇಳ್ತೀನಿ," ಅಂದೆ. ತಳಿ ಊರಿನ ಮೇಲೆ ಹಾದು ಹೋಗುವ ಬಸ್ಸು. ದಾರಿಯುದ್ದಕ್ಕೂ ನಾನು ಮಗಳನ್ನು ನೆನೆದು ಹೆದರಿದೆ, ಅವರು ರಾಮಕ್ಕನನ್ನು ನೆನೆದು.

ಗಂಡ ಸತ್ತ ಹೊಸತು, ರಾಮಕ್ಕ ಅಂಗಳ ದಾಟುವಂತಿರಲಿಲ್ಲ. ಜಲಜಮ್ಮನನ್ನು ಕಂಡವಳೇ ಸೆರಗು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಅತ್ತು ಮುಗಿಯುವವರೆಗೂ ಕಾದು ನಾನು ಹೇಳಿದೆ. ಬಾಗಿಲಲ್ಲಿ ಕೂತಿದ್ದ ರಾಮಕ್ಕನ ಅತ್ತೆ ಪಿಳ್ಳಮ್ಮ, "ಕೂಸಿರೋ ಮನೆ ಅಂದ್ರೆ ಹರೀದೆ ಇನ್ನೇನು ಮಾಡ್ತಾಳೆ, ಸರಿಯಾಗೇ ಮಾಡವ್ಳೆ," ಅಂತ ಗೊಣಗಿದರು. "ಬಾಯಾಗೆ ಹೇಳ್ಬೇಕಿತ್ತು, ಅಷ್ಟೇಯ."

ರಾಮಕ್ಕ ಕಣ್ಣೊರೆಸಿಕೊಂಡು ನಮ್ಮನ್ನು ಅಂಗಳದಲ್ಲೇ ಇದ್ದ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಸೂರಿನ ಹುಲ್ಲಿಗೆ ಕೈ ಹಾಕಿ ಆನೆಯನ್ನು ಈಚೆ ಎಳೆದಳು.

"ಒಲೆಗೆ ಹಾಕ್ಲಿಲ್ವೇನೇ?" ಜಲಜಮ್ಮ.

"ನಿನ್ ಕೈ ಕೆಲ್ಸ ಹೆಂಗ್ ಸುಡ್ಲಿ? ಮನೆಯೊಳಕ್ಕೆ ತರೋಂಗಿಲ್ಲ, ಅದ್ಕೇ ಇಲ್ಲಿ ಕಟ್ಟಾಕಿವ್ನಿ. ಹಾಲು ಕರೆಯಾಕೆ ಬಂದಾಗೆಲ್ಲ ನೋಡ್ತೀನಿ." ಮೂಗೊರೆಸಿಕೊಂಡಳು. "ಅಲ್ಲ ಕಣೇ ಜಲಜಿ, ನಾವಿಲ್ಲಿ ಆನೆ ಬಂದ್ರೆ ತಮಟೆ ಬಡಿದು ಓಡಿಸ್ತೀವಿ. ನೀನು ಸೊಂಡ್ಲಿಗೆ ಕಬ್ಬು ಬೇರೆ ಕೊಟ್ಟು ಕಳ್ಸಿದ್ದೀಯ! ದಾರಿ ಕಲ್ತ್ರೆ ಯಾರು ಓಡಿಸೋರು?"

ಸಾವಿನ ಮನೆಯಲ್ಲಿ ನಗಬಾರದು ಅಂತ ಮೂವರೂ ಹಸುವಿನ ಮರೆಯಲ್ಲಿ ನಕ್ಕೆವು.

ಸಂಜೆ ಬಸ್ಸಿಳಿದು ಓಡಿ ಬಂದರೆ ಮಗಳು ಅಪ್ಪನ ಎದೆಯ ಮೇಲೆ ನಿದ್ದೆ ಹೋಗಿದ್ದಳು. ಗೋಡೆಯಾಚೆ ಸ್ಟೂಲು ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ಕತ್ತರಿ.

ವರ್ಷ ತುಂಬಿ, ತಿಥಿ ಕಳೆದು, ಮರು ಸಂಕ್ರಾಂತಿಗೆ ರಾಮಕ್ಕ ತಾನೇ ಹೊಸೂರಿಗೆ ಬಂದಳು. ಆ ಸಲ ನವಿಲುಗರಿಯಿಲ್ಲ. ಎಲೆಯಡಿಕೆ ಚೀಲದಿಂದ ಅದೇ ಆನೆಯನ್ನು ತೆಗೆದಳು. ಬಾಲವನ್ನು ಇಲಿ ತಿಂದಿತ್ತು, ಮೈಗೆ ಹೊಗೆಯ ಬಣ್ಣ ಬಂದು ನಿಜವಾದ ಆನೆಯಂತೆಯೇ ಕಾಣುತ್ತಿತ್ತು. ಜಲಜಮ್ಮ ಪುಸ್ತಕದಲ್ಲಿ ಅವಳ ಹಾಳೆ ತೆಗೆದು ಅಂಟಿಸಿದರು. ಹೊಸ ಬಾಲ ಮಾಡಲಿಲ್ಲ. ಆಮೇಲೆ ಅಂಟಿನ ಕೈಯನ್ನೇ ನನ್ನತ್ತ ತೋರಿಸಿ ಅಂದರು:

"ಇನ್ಮೇಲೆ ಎಂಥಾ ಕಾಗದ ಬಂದ್ರೂ ಹರೀಬೇಡ ತಾಯಿ. ನಿನ್ ಹೊಸ್ತಿಲು ದಾಟಿಸ್ಬೇಡ, ಅಂಗಳದ ಗೋಡೆ ಮೇಲಿಂದ ಈಚೆಗೆ ಎಸೆದ್ಬುಡು. ನಮ್ಮನೇಲಿ ಕೂಸಿಲ್ಲ."

ನಾನು ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿದೆ. ಕೈ ಆಮೇಲೆ ತೊಳೆದರಾಯಿತು.