ಐದನೆಯ ಹನಿ

ನನ್ನ ಗಂಡ ಹುವೈಮಿಲ್ ಇಪ್ಪತ್ತೆಂಟು ವರ್ಷ ಊರಿನ ರಕ್ತ ತೆಗೆದ. ನಮ್ಮ ಸರ್ಕಾರಿ ಆಸ್ಪತ್ರೆಯ ಪರೀಕ್ಷೆಯ ಕೋಣೆ ಅವನದು. ಕಿಟಕಿಯಾಚೆ ಮಫ್ರಕ್ ಪಟ್ಟಣಕ್ಕೆ ಹೋಗುವ ರಸ್ತೆ, ಅದರಾಚೆ ಕರಿಕಲ್ಲಿನ ಬಯಲು. ಊರವರು ಅವನನ್ನು ಸೊಳ್ಳೆ ಎಂದು ಕರೆಯುತ್ತಿದ್ದರು. ಮದುವೆ ಮನೆಗೆ ಕಾಲಿಟ್ಟರೂ ಯಾರಾದರೊಬ್ಬ ತೋಳು ಮುಚ್ಚಿಕೊಂಡು, "ಬಂತಪ್ಪಾ ಸೊಳ್ಳೆ, ಬಾಗ್ಲು ಹಾಕ್ರೋ" ಎನ್ನುತ್ತಿದ್ದ. ಇವನು ಬಿಡುತ್ತಿರಲಿಲ್ಲ. "ನಿನ್ನ ರಕ್ತ ಕುಡಿದ್ರೆ ಸೊಳ್ಳೆಗೇ ಸಕ್ಕರೆ ಕಾಯಿಲೆ ಬರುತ್ತೆ, ಹೋಗೋ."

ಅವನಿಗೆ ಇದ್ದ ಒಂದೇ ಹುಚ್ಚು ಹಾಲು ಕಾಯಿಸುವುದು. ನಮ್ಮ ಕಡೆ ಹಸಿ ಹಾಲಿನಿಂದ ಮಾಲ್ಟಾ ಜ್ವರ ಬರುತ್ತದೆ. ದೊಡ್ಡವರ ಬೆನ್ನು ಹಿಡಿಯುತ್ತದೆ, ಮಕ್ಕಳ ಸೊಂಟದ ಕೀಲು, ಮೊಣಕಾಲು ಹಿಡಿಯುತ್ತದೆ. ಅವನು ಅದನ್ನು ದಿನಾ ರಕ್ತದಲ್ಲಿ ನೋಡುತ್ತಿದ್ದ. ಗುಡಾರ ಗುಡಾರಕ್ಕೆ ಹೋಗಿ, "ಉಕ್ಕಿಸಿ, ಉಕ್ಕಿಸಿ" ಎಂದು ಹೇಳುತ್ತಿದ್ದ. ಮುದುಕರು ನಗುತ್ತಿದ್ದರು. ಕಾಯಿಸಿದ ಹಾಲು ಸತ್ತ ಹಾಲು ಅಂತ ಅವರ ಮಾತು.

ನನಗೂ ಹಾಗೇ ಅನಿಸುತ್ತಿತ್ತು. ಅವನಿಗೆ ಹೇಳಿರಲಿಲ್ಲ.

ನಮಗೆ ಹನ್ನೊಂದು ಆಡು. ಮಗಳು ರುದೈನಾಗೆ ಆಗ ಆರು ವರ್ಷ. ಕಾಯಿಸಿದ ಹಾಲಿನ ಕೆನೆ ನೋಡಿದರೆ ವಾಂತಿ ಮಾಡುವಳು. ಬೆಳಿಗ್ಗೆ ನಾನು ಹಾಲು ಕರೆಯುವಾಗ ಪಕ್ಕ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆಯುವಳು. ನಾನು ಬೂದು ಆಡು ಶಹ್ಬಾಳ ಮೊಲೆಯಿಂದ ನೇರ ಅವಳ ಬಾಯಿಗೆ ಚಿಮ್ಮಿಸುವೆ. ನನ್ನ ತಾಯಿ ನನಗೆ ಹಾಗೇ ಕುಡಿಸಿದ್ದಳು. ಮಗು ಮೂಗಿಗೆಲ್ಲ ಹಾಲು ಮಾಡಿಕೊಂಡು ನಗುವಳು. ಇನ್ನೂ ಒಂದಿದೆ. ಆ ಚಳಿಗಾಲ ಶಹ್ಬಾ ತಿಂಗಳು ತುಂಬುವ ಮುಂಚೆಯೇ ಸತ್ತ ಮರಿ ಹಾಕಿತ್ತು, ಮಾಲ್ಟಾ ಜ್ವರ ತಗುಲಿದ ಆಡುಗಳು ಹಾಕುವ ಹಾಗೆ. ನಾನು ಕಲ್ಲುಗಳ ಆಚೆ ಹೂತು ಬಂದೆ. ಅದನ್ನೂ ಹೇಳಿರಲಿಲ್ಲ.

ವಸಂತ ಬಂತು. ಒಂದು ದಿನ ರುದೈನಾ ಕುಂಟಿದಳು. ಬಿದ್ದಿರಬೇಕು ಎಂದುಕೊಂಡೆ. ಎರಡನೇ ದಿನ ಸಂಜೆ ಮೈ ಬಿಸಿ, ಬೆವರು. ಮೂರನೇ ದಿನ ಬಲಗಾಲು ನೆಲಕ್ಕೆ ಊರಲೇ ಇಲ್ಲ. ಬಟ್ಟೆ ಬದಲಿಸಲು ತೊಡೆ ಮುಟ್ಟಿದರೆ ಕಿರುಚಿದಳು. ಅತ್ತೆ ಫಿದ್ದಾ ಒಲೆಯಲ್ಲಿ ಕಬ್ಬಿಣದ ಮೊಳೆ ಇಟ್ಟಳು.

"ಸೊಂಟಕ್ಕೆ ಎರಡು ಬರೆ ಹಾಕಿದ್ರೆ ಎದ್ದು ಓಡ್ತಾಳೆ" ಅಂದಳು.

ಹುವೈಮಿಲ್ ಇಕ್ಕಳದಿಂದ ಮೊಳೆ ಎತ್ತಿ ಹಿತ್ತಿಲಿಗೆ ಎಸೆದ. "ಯಮ್ಮಾ, ಇನ್ನೊಂದ್ಸಲ ಮಾಡಿದ್ರೆ ನಿನ್ನ ರಕ್ತಾನೂ ತೆಗೀತೀನಿ."

"ತೆಗಿಯೋ ಸೊಳ್ಳೆ. ಇರೋದೇ ನಾಲ್ಕು ಹನಿ."

ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ನಡೆದ. ನಾನು ಹಿಂದೆ.

ಮಕ್ಕಳ ಡಾಕ್ಟರ್ ಸುಹೈರ್ ಎಳೆ ಪ್ರಾಯದವಳು, ಕಡಿಮೆ ಮಾತು. ಕಾಲು ಮೆಲ್ಲಗೆ ತಿರುಗಿಸಿದಳು. ಮಗು ಚೀರಿದಳು. ಡಾಕ್ಟರ್ ನಮ್ಮ ಕಡೆ ತಿರುಗಿದಳು.

"ಕೀಲಲ್ಲಿ ಕೀವಿದ್ರೆ ಇವತ್ತೇ ಅಮ್ಮಾನ್‌ಗೆ ಕಳಿಸಿ ಸೊಂಟ ತೆರೀಬೇಕು. ತಡ ಆದ್ರೆ ಮೂಳೆ ಕೊಳೆಯುತ್ತೆ, ಜನ್ಮಪೂರ್ತಿ ಕುಂಟು. ಕೀವಿಲ್ದೇ ತೆರೆದ್ರೆ ಸುಮ್‌ಸುಮ್ನೆ ಮಗೂನ ಕುಯ್ದಂಗೆ. ಮೊದ್ಲು ರಕ್ತ ನೋಡೋಣ." ಆಮೇಲೆ ಕೇಳಿದಳು, "ಹಸಿ ಹಾಲು, ಹಸಿ ಗಿಣ್ಣು ಏನಾದ್ರೂ?"

ನಾನು ಬಾಯಿ ತೆರೆಯುವ ಮುಂಚೆ ಹುವೈಮಿಲ್ ನಕ್ಕ.

"ಡಾಕ್ಟ್ರೇ, ನನ್ನ ಮನೇಲಾ?"

ಅವಳೂ ನಕ್ಕಳು. "ಸರಿ, ನಿಮ್ಮ ಮನೇಲಿ ಬಿಡಿ." ಚೀಟಿಯಲ್ಲಿದ್ದ ಒಂದು ಸಾಲು ಹೊಡೆದು ಹಾಕಿದಳು. ಮಾಲ್ಟಾ ಜ್ವರದ ಪರೀಕ್ಷೆ ಅದು.

ಅಷ್ಟು ಜನರ ಮುಂದೆ ಅವನ ಮುಖ ಕೆಳಗೆ ಹಾಕುವುದು ಹೇಗೆ ಅಂದುಕೊಂಡೆ. ನನ್ನ ಮುಖ ಅಂತ ಹೇಳಬೇಕು, ನಿಜ ಅದು.

ಊರ ಮಕ್ಕಳಿಗೆಲ್ಲ ಒಂದೇ ಚುಚ್ಚಿನಲ್ಲಿ ತೆಗೆಯುವವನು ಮಗಳಿಗೆ ಎರಡು ಸಲ ಚುಚ್ಚಿದ. ಬಿಳಿ ಕಣ ಎಣಿಸಿದ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಉದ್ದದ ತೆಳ್ಳನೆ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ ನಿಲ್ಲಿಸಿದ. ಒಂದು ಗಂಟೆಯಲ್ಲಿ ರಕ್ತ ಎಷ್ಟು ಗೆರೆ ಕೆಳಗೆ ಇಳಿಯುತ್ತದೆ ನೋಡಬೇಕು.

"ಇಪ್ಪತ್ತರೊಳಗೆ ನಿಂತ್ರೆ ಶೀತದ ನೋವು. ಮಲಗಿಸಿದ್ರೆ ಹೋಗುತ್ತೆ" ಅಂದ. "ಅದರ ಕೆಳಗೆ ಹೋದ್ರೆ ಒಳಗೆ ಏನೋ ಇದೆ."

ಆ ಗಂಟೆ ನಾನು ಸ್ಟೂಲಿನ ಮೇಲೆ ಕೂತು ಕೊಳವೆ ನೋಡಿದೆ. ಮೇಲೆ ಹಳದಿ ನೀರು ಬಿಟ್ಟು ಕೆಂಪು ಇಳಿಯುತ್ತಾ ಹೋಯಿತು. ಹತ್ತು. ಹದಿನಾರು. ಇಪ್ಪತ್ತು ದಾಟಿತು. ನಿಲ್ಲು ಅಂದೆ. ನಿಲ್ಲಲಿಲ್ಲ. ಆಚೆ ಹಾಸಿಗೆಯಿಂದ ರುದೈನಾ, "ಯಮ್ಮಾ, ಶಹ್ಬಾನ ಯಾರು ಕರೀತಾರೆ?" ಎಂದು ಕೂಗಿದಳು. ನಲವತ್ತೆಂಟಕ್ಕೆ ಗಂಟೆ ಮುಗಿಯಿತು.

ಡಾಕ್ಟರ್ ಅಮ್ಮಾನ್‌ಗೆ ಫೋನ್ ಮಾಡಿದಳು. ಆಂಬುಲೆನ್ಸ್ ಬಾಗಿಲಿಗೆ ಬಂತು. ಚಾಲಕ ಮಂಚ ಇಳಿಸುವ ಸದ್ದು ಕೇಳಿತು. ಹುವೈಮಿಲ್ ಕೈ ತೊಳೆಯುತ್ತಿದ್ದ. ತೊಳೆದದ್ದನ್ನೇ ತೊಳೆಯುತ್ತಿದ್ದ.

"ರುದೈನಾ ಅಪ್ಪಾ" ಅಂದೆ. "ನಾನು ಹಸಿ ಹಾಲು ಕುಡ್ಸಿದೀನಿ."

ಅವನು ನಲ್ಲಿ ನಿಲ್ಲಿಸಿದ.

"ಯಾವಾಗ?"

"ದಿನಾ. ಶಹ್ಬಾದು. ಅದು ಸತ್ತ ಮರಿ ಹಾಕಿತ್ತು. ಅದಾದ್ಮೇಲೂ."

ಹೊಡೆಯುತ್ತಾನೆ ಅಂದುಕೊಂಡೆ. ಅವನು ಯಾವತ್ತೂ ಹೊಡೆದವನಲ್ಲ. ಆ ಹೊತ್ತು ಹೊಡೆದಿದ್ದರೆ ನನಗೆ ಹಗುರ ಆಗುತ್ತಿತ್ತು. ಅವನು ಬಾಗಿಲಿಗೆ ಹೋಗಿ ಚಾಲಕನಿಗೆ, "ಹತ್ತು ನಿಮಿಷ ತಡಿ, ತಮ್ಮಾ" ಅಂದ. ಫ್ರಿಜ್‌ನಿಂದ ಪುಟ್ಟ ಬಾಟಲಿ ತೆಗೆದ. ಮಗುವಿನ ರಕ್ತದ ತಿಳಿನೀರು ಒಂದು ಹನಿ ಗಾಜಿನ ಮೇಲೆ, ಬಾಟಲಿಯ ಔಷಧ ಒಂದು ಹನಿ. ಕಡ್ಡಿಯಿಂದ ಕಲಸಿ ಗಾಜನ್ನು ಆ ಕಡೆ ಈ ಕಡೆ ಓಲಾಡಿಸಿದ. ಮಾಲ್ಟಾ ಜ್ವರ ಇದ್ದರೆ ಹನಿ ಒಡೆದು ಕಣಕಣ ಆಗಬೇಕು.

ಹನಿ ನುಣ್ಣಗೇ ಇತ್ತು.

"ಇಲ್ಲ" ಅಂದ.

ಡಾಕ್ಟರ್ ಬಾಗಿಲಲ್ಲಿ ನಿಂತಿದ್ದಳು. "ಹಾಗಾದ್ರೆ ಹೊರಡಿಸೋಣ."

ಹಾಲಿನದಲ್ಲ ಅಂದರೆ ಕೀವು. ಕೀವು ಅಂದರೆ ಚಾಕು. ನನ್ನ ತಪ್ಪು ಆಗಿರಲಿ ಎಂದು ದೇವರನ್ನು ಬೇಡಿದೆ. ಯಾವ ತಾಯಿಯೂ ಬೇಡದ್ದು.

ಹುವೈಮಿಲ್ ಗಾಜು ನೋಡುತ್ತಲೇ ಇದ್ದ. "ಒಂದು ನಿಮಿಷ. ರಕ್ತ ತುಂಬಾ ಜೋರಾಗಿ ಹೋರಾಡ್ತಿದ್ರೆ ಮೊದಲ ಹನೀಲಿ ಕಾಣಲ್ಲ. ಗುಂಪು ಜಾಸ್ತಿ ಆದ್ರೆ ಯಾರ ಕೈ ಯಾರೂ ಹಿಡಿಯಕ್ಕಾಗಲ್ಲ, ಹಾಗೆ. ಕಡಿಮೆ ಮಾಡಿ ನೋಡ್ಬೇಕು." ಊರವರ ರಕ್ತವಾದರೆ ಒಂದೇ ಹನಿಗೆ ಬಿಡುತ್ತಿದ್ದ. ಅಷ್ಟು ಜನ ಸಾಲಲ್ಲಿ ಇರುತ್ತಿದ್ದರು.

ದೊಡ್ಡ ಗಾಜು ತೆಗೆದ. ಅದರ ಮೇಲೆ ಐದು ದುಂಡು. ಒಂದಕ್ಕಿಂತ ಒಂದರಲ್ಲಿ ಅರ್ಧರ್ಧ ತಿಳಿನೀರು. ಓಲಾಡಿಸಿದ. ಒಂದು, ನುಣುಪು. ಎರಡು, ನುಣುಪು. ಮೂರು, ನುಣುಪು. ನಾಲ್ಕರಲ್ಲಿ ಅಂಚು ಮರಳಾದಂತೆ ಕಂಡಿತು. ಐದನೆಯದು ಹುಳಿ ಹಿಂಡಿದ ಹಾಲಿನ ಹಾಗೆ ಪೂರ್ತಿ ಒಡೆದುಹೋಯಿತು.

ಅವನು ಕೂತುಬಿಟ್ಟ. ನಾನು ನಿಂತೇ ಇದ್ದೆ.

ಡಾಕ್ಟರ್ ಸುಮ್ಮನೆ ನಂಬಲಿಲ್ಲ. ಸೊಂಟದ ಕೀಲಿಗೆ ಸೂಜಿ ಹಾಕಿದಳು. ಬಂದದ್ದು ತೆಳು ಹಳದಿ ನೀರು, ಕೀವಲ್ಲ. ಅದನ್ನೂ ರಕ್ತವನ್ನೂ ಅಮ್ಮಾನ್‌ಗೆ ಕಳಿಸಿದಳು. ಮಗುವನ್ನು ಕಳಿಸಲಿಲ್ಲ. ಎರಡು ಔಷಧ, ಆರು ವಾರ, ಒಂದು ಹೊತ್ತೂ ತಪ್ಪಬಾರದು. ಒಂದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ರುದೈನಾ ಅಜ್ಜಿಯನ್ನು ಕರೆದು ತೋರಿಸಿದಳು. "ನೋಡು ಜದ್ದಾ, ನಾನು ಜ್ಯೂಸ್ ಮಾಡಿದೀನಿ." ಅತ್ತೆ ಬಯ್ಯುತ್ತಾ ನಕ್ಕಳು. ನನಗೆ ನಗು ಬರಲಿಲ್ಲ. ಮೂರು ವಾರದಲ್ಲಿ ಕಾಲೂರದಿದ್ದರೆ ಮತ್ತೆ ನೋಡಬೇಕು ಎಂದು ಡಾಕ್ಟರ್ ಹೇಳಿದ್ದಳು. ನಾನು ದಿನಾ ಬೆಳಿಗ್ಗೆ ಹೊದಿಕೆ ಎತ್ತಿ ಆ ಕಾಲಿನ ಬೆರಳು ನೋಡುತ್ತಿದ್ದೆ. ಹದಿನಾಲ್ಕನೇ ದಿನ ಗೋಡೆ ಹಿಡಿದು ನಿಂತಳು.

ಹುವೈಮಿಲ್ ಆ ಪರೀಕ್ಷೆಯನ್ನು ಆಸ್ಪತ್ರೆಯ ಪುಸ್ತಕದಲ್ಲಿ ಬರೆದ. ಯಾವ ಮನೆಯ ಹಾಲು ಎಂಬ ಜಾಗದಲ್ಲಿ ನಮ್ಮ ಮನೆ ಎಂದು ಬರೆದ. ಬರೆಯದಿದ್ದರೆ ಯಾರೂ ಕೇಳುತ್ತಿರಲಿಲ್ಲ. ದನದ ಡಾಕ್ಟರ್ ಬಂದು ಆಡುಗಳ ರಕ್ತ ತೆಗೆದು ರೋಗ ಇದ್ದ ನಾಲ್ಕನ್ನು ಕೊಂಡೊಯ್ದರು. ಶಹ್ಬಾಳೂ ಹೋದಳು. ಊರಿಗೆ ಹಬ್ಬ ಆಯಿತು. "ಏನೋ ಸೊಳ್ಳೆ, ನಿನ್ನ ಮನೇಲೇ ಹಸಿ ಹಾಲಂತೆ!"

"ಹೌದು, ನನ್ನ ಮನೇಲೇ. ಅದಕ್ಕೇ ಹೇಳ್ತಿರೋದು, ಉಕ್ಕಿಸಿ."

ನನ್ನ ಹೆಂಡತಿ ಕುಡಿಸಿದ್ದು ಎಂದು ಒಬ್ಬರ ಮುಂದೂ ಅನ್ನಲಿಲ್ಲ. ನನಗೂ ಏನೂ ಅನ್ನಲಿಲ್ಲ. ಕೆಲಸದಲ್ಲಿ ಮಾತ್ರ ಬದಲಾದ. ಕೀಲು ನೋವಿನ ಮಗು ಬಂದರೆ ಐದೂ ದುಂಡಿನಲ್ಲಿ ಹನಿ ಹಾಕುವುದು, ಎಷ್ಟೇ ಜನ ಸಾಲಲ್ಲಿ ಇರಲಿ. ಮೊದಲು ಅಪ್ಪನನ್ನು, "ಹೊರಗೆ ಹೋಗಿ ಸಿಗರೇಟು ಸೇದಿ ಬಾ" ಎಂದು ಕಳಿಸುವುದು. ಆಮೇಲೆ ತಾಯಿಯನ್ನು ಹಾಲಿನ ಬಗ್ಗೆ ಕೇಳುವುದು, ಅವಳ ಮುಖ ನೋಡದೆ, ಸೂಜಿ ಸರಿಮಾಡುತ್ತಾ.

ಈ ಶಾಬಾನ್ ತಿಂಗಳು ಅವನ ಎದೆಬಡಿತ ನಿಂತಿತು. ಅದೇ ಕೋಣೆಯಲ್ಲಿ, ಅದೇ ಸ್ಟೂಲಿನ ಮೇಲೆ.

ಮೂರು ದಿನ ಹೆಂಗಸರು ನಮ್ಮ ಮನೆಗೆ ಬಂದು ಕೂತರು. ನನಗೆ ಗುರುತಿಲ್ಲದವರೇ ಹೆಚ್ಚು, ದೂರದ ಗುಡಾರದವರು. ಒಬ್ಬಳು ನನ್ನ ಕೈ ಹಿಡಿದು, "ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ ಕಣಕ್ಕಾ. ನಿಮ್ಮವರಿಗೆ ಮಾತ್ರ ಹೇಳಿದ್ದೆ. ನನ್ನ ಮಗ ಈಗ ಓಡ್ತಾನೆ" ಅಂದಳು. ನಾನು ತಲೆ ಆಡಿಸಿದೆ. ಅಳು ಬರಲಿಲ್ಲ.

ರುದೈನಾಗೆ ಈಗ ಹತ್ತೊಂಬತ್ತು. ಕಹಿ ಕಾಫಿಯ ಹೂಜಿ ಹಿಡಿದು ಒಬ್ಬೊಬ್ಬರಿಗೂ ಕೊಡುತ್ತಾ ಕೋಣೆಯ ಉದ್ದಕ್ಕೂ ಹೋಗಿ ಬರುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಬಲಗಾಲು ನೋಡಿದೆ. ಚಾಪೆಯ ಅಂಚಿನ ಹತ್ತಿರ ಒಂದು ಸಲ ತಡವರಿಸಿದ ಹಾಗೆ ಕಂಡಿತು.

ಚಾಪೆ ಮಡಚಿಕೊಂಡಿತ್ತು ಅಷ್ಟೆ. ಅವಳು ದಾಟಿ ನಡೆದಳು.